ಹೇಳಿ ಬರೆಸಿದ ನಿಜ

ಸುನಂದಳ ಗೇಟಿನ ಮುಂದೆ ಯಾರೋ ಖಾಲಿ ಕೊಡ ಇಟ್ಟು ಹೋಗಿದ್ದರು. ಅವಳು ಹಾಲು ತರುವಷ್ಟರಲ್ಲಿ ಅದರ ಪಕ್ಕ ಇನ್ನೂ ನಾಲ್ಕಾರು ಬಂದು ಕೂತಿದ್ದವು. ನೀರಿಲ್ಲದ ಬೀದಿಯವರ ದೂರು ಅದು. ಅವಳು ಕೋಲಾರದ ದಿನಪತ್ರಿಕೆಯೊಂದಕ್ಕೆ ವ್ಯಂಗ್ಯಚಿತ್ರ ಬರೆಯುವವಳು. ಸೋಮವಾರ ಬಂದ ಚಿತ್ರದಲ್ಲಿ ವಾರ್ಡಿನ ಸದಸ್ಯ ಮುನೇಶ್ ಊರಿನ ನಲ್ಲಿಯ ಪೈಪಿಗೆ ಗಂಟು ಹಾಕಿ, ತನ್ನ ಟ್ಯಾಂಕರ್ ತುಂಬಿಸಿಕೊಳ್ಳುತ್ತಿದ್ದ. ಬೀದಿಗೆಲ್ಲ ನೀರು ತರುತ್ತಿದ್ದ ಆ ಟ್ಯಾಂಕರ್ ಮಂಗಳವಾರದಿಂದ ಇತ್ತ ತಿರುಗಿರಲಿಲ್ಲ.

ಎದುರು ಮನೆಯ ಶಾಮಲಮ್ಮನ ಮಗಳು ಬಾಣಂತಿ. ಎಣ್ಣೆ ಹಚ್ಚಿಸಿಕೊಂಡು ಕೂತವಳಿಗೆ ಸುರಿಯಲು ಹಂಡೆಯಲ್ಲಿ ನೀರಿರಲಿಲ್ಲ. ಸುನಂದ ತನ್ನ ಮನೆಯಲ್ಲಿ ಉಳಿದಿದ್ದ ಬಿಂದಿಗೆ ನೀರು ಕೊಟ್ಟು ಬಂದಳು. ಬಂದವಳು ಕೂರಲಾಗದೆ, ನಿಲ್ಲಲಾಗದೆ ಒಳಗೂ ಹೊರಗೂ ಅಡ್ಡಾಡಿದಳು. ಬರೆದದ್ದರಲ್ಲಿ ಒಂದು ಗೆರೆಯೂ ಸುಳ್ಳಲ್ಲ ಎಂಬ ಧೈರ್ಯವೇನೋ ಇತ್ತು. ಆದರೆ ಧೈರ್ಯದಿಂದ ಮಗುವಿನ ಬಟ್ಟೆ ಒಗೆಯಲಾಗುವುದಿಲ್ಲವಲ್ಲ.

ಮಧ್ಯಾಹ್ನ ಮುನೇಶನೇ ಬಂದ. ಜಗಳಕ್ಕೆ ಸಿದ್ಧಳಾಗಿದ್ದವಳಿಗೆ ಕೈ ಮುಗಿದು, ಚಿತ್ರದಲ್ಲಿ ತನ್ನ ಹೊಟ್ಟೆ ಬಹಳ ಚೆನ್ನಾಗಿ ಬಂದಿದೆಯೆಂದು ಹೊಗಳಿದ. ಡ್ರೈವರ್ ರಜೆ ಹಾಕಿದ್ದಾನೆ, ಅದಕ್ಕೇ ಟ್ಯಾಂಕರ್ ನಿಂತಿದೆ ಎಂದ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಮುಂದಿನ ಚುನಾವಣೆಗೆ ತನ್ನೆದುರು ನಿಲ್ಲಲು ಓಡಾಡುತ್ತಿರುವ ಕಂಟ್ರಾಕ್ಟರ್ ಕದಿರೇಶ್ ರಾಜಕಾಲುವೆ ಮುಚ್ಚಿ ಕಲ್ಯಾಣ ಮಂಟಪ ಕಟ್ಟಿರುವುದು ಅವಳ ಕಣ್ಣಿಗೆ ಬಿದ್ದಿಲ್ಲವೇ ಎಂದು ಕೇಳಿದ.

“ಸುಳ್ಳು ಬರೀರಿ ಅಂತ ಹೇಳಕ್ಕೆ ನಾನ್ಯಾರು ಮೇಡಂ? ಇರೋದನ್ನೇ ಬರೀರಿ. ಚಿತ್ರ ಬರೋದ್ರೊಳಗೆ ಡ್ರೈವರೂ ಬಂದ್ಬಿಡ್ತಾನೆ.”

ಸುನಂದಳಿಗೆ ಮೈಯೆಲ್ಲ ಉರಿಯಿತು. ಕಂಟ್ರಾಕ್ಟರನ ಚಿತ್ರವನ್ನು ಅವಳು ಆಗಲೇ ಬರೆದಿಟ್ಟಿದ್ದಳು. ಕಳಿಸಬೇಕೆನ್ನುವಷ್ಟರಲ್ಲಿ ನೀರಿನ ರಗಳೆ ಶುರುವಾಗಿತ್ತು. ಈಗ ಕಳಿಸಿದರೆ ಮುನೇಶ್ ಹೇಳಿ ಬರೆಸಿದಂತೆ, ಕಳಿಸದಿದ್ದರೆ ಕದಿರೇಶನನ್ನು ಸುಮ್ಮನೆ ಬಿಟ್ಟುಬಿಟ್ಟಂತೆ. ಮುನೇಶ್ ಹೋದ ಮೇಲೆ ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು, ಮತ್ತೆ ಒಳಗಿಟ್ಟಳು. ಬೇರೇನಾದರೂ ಬರೆಯೋಣವೆಂದು ಕೂತರೆ ಕೈ ಓಡಲಿಲ್ಲ.

ಸಂಜೆ ಶಾಮಲಮ್ಮ ಬಿಂದಿಗೆ ವಾಪಸು ಕೊಡಲು ಬಂದಳು. ಸುನಂದ ನಡೆದದ್ದನ್ನೆಲ್ಲ ಹೇಳಿದಳು. ಶಾಮಲಮ್ಮ ಬಿಂದಿಗೆಯನ್ನು ಕೆಳಗಿಟ್ಟು, “ಕಂಟ್ರಾಕ್ಟರು ಕಾಲುವೆ ಮುಚ್ಚಿರೋದು ನಿಜಾನೇ ಅಲ್ವೇನಮ್ಮಾ?” ಎಂದು ಕೇಳಿದಳು.

“ನಿಜಾನೇ.”

“ಮತ್ತೆ ನಿಜ ಬರಿಯಕ್ಕೆ ಏನ್ ಕಷ್ಟ ನಿಂಗೆ?”

ಸುನಂದಳ ಬಳಿ ಉತ್ತರವಿತ್ತು. ಬಾಣಂತಿಯ ತಾಯಿಯ ಎದುರು ಅದನ್ನು ಹೇಳುವ ಮುಖವಿರಲಿಲ್ಲ. ಚಿತ್ರವನ್ನು ಸ್ಕ್ಯಾನ್ ಮಾಡಿ ಪತ್ರಿಕೆಗೆ ಕಳಿಸಿಬಿಟ್ಟಳು.

ಮರುದಿನ ಚಿತ್ರ ಅಚ್ಚಾಯಿತು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕರ್ ಹಾರ್ನ್ ಹೊಡೆಯುತ್ತ ಬೀದಿಗೆ ತಿರುಗಿತು. ಅದರ ಹಿಂಭಾಗಕ್ಕೆ ಹೊಸ ಫ್ಲೆಕ್ಸ್ ಬಿಗಿದಿದ್ದರು. ಅದರ ತುಂಬ ಅವಳು ಬರೆದ ಕದಿರೇಶನ ಚಿತ್ರ, ಪಕ್ಕದಲ್ಲಿ ಕೈ ಮುಗಿದು ನಿಂತ ಮುನೇಶನ ಫೋಟೊ. ಪತ್ರಿಕೆಯಲ್ಲಿ ಕಣ್ಣಿಗೇ ಕಾಣದಿದ್ದ ಅವಳ ಸಹಿಯನ್ನು ಮೊಳದುದ್ದ ಮಾಡಿದ್ದರು. ನೀರು ಬಿಡುವ ಪೈಪು ಸರಿಯಾಗಿ ಆ ಸಹಿಯ ಕೆಳಗೇ ಇತ್ತು. ನೂಕಾಡುತ್ತಿದ್ದ ಹೆಂಗಸರು ಅವಳನ್ನು ಕಂಡು ದಾರಿ ಬಿಟ್ಟರು. ಶಾಮಲಮ್ಮ ಮನಸಾರೆ ನಕ್ಕು ಅವಳ ಕೈ ಹಿಡಿದು ಮುಂದಕ್ಕೆ ಎಳೆದಳು.

“ನಿನ್ನಿಂದಾನೇ ಬಂದಿದ್ದು ನೀರು. ಮೊದ್ಲು ನೀನೇ ಹಿಡ್ಕೋಮ್ಮಾ.”