ನಾಣ್ಯದ ರುಚಿ

"ಸಿಸ್ಟರ್, ಬಾಯಲ್ಲಿ ನಾಣ್ಯ ಇಟ್ಕೊಂಡ ಹಾಗಿದೆ."

ನರ್ಸಿನ ಪೆನ್ನು ಅಲ್ಲೇ ನಿಂತಿತು. ಮೇಜಿನ ಮೇಲೆ ಮಲಗಿದ್ದಾಕೆ ಪೂರ್ತಿ ಎಚ್ಚರವಾಗಿದ್ದಳು. ಹೊಟ್ಟೆಯಷ್ಟಕ್ಕೇ ಮರಗಟ್ಟಿಸುವ ಮದ್ದು ತುಂಬಿ, ಸಣ್ಣ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು ಇಲ್ಲಿನ ಪದ್ಧತಿ. ಬೆಳಿಗ್ಗೆ ಬಂದವರು ಮಧ್ಯಾಹ್ನ 'ತೃಪ್ತಿಯಾಗಿದೆ' ಎಂದು ಸಹಿ ಹಾಕಿ ನಡೆದುಕೊಂಡೇ ಮನೆಗೆ ಹೋಗುತ್ತಿದ್ದರು. ತಲೆಯ ಬಳಿ ಕೂತು ಅವರನ್ನು ಮಾತನಾಡಿಸುತ್ತ, ಹೇಳಿದ್ದನ್ನೆಲ್ಲ ವೇಳೆ ಸಮೇತ ಬರೆದುಕೊಳ್ಳುವುದು ನರ್ಸಿನ ಕೆಲಸ. ಮೂರು ತಿಂಗಳ ಹಿಂದೆ ಈ ಬರೆಯುವ ಕೆಲಸ ಇರಲಿಲ್ಲ.

ಈಕೆ ಬೆಳಿಗ್ಗೆಯಿಂದಲೂ ಉಳಿದವರಂತಿರಲಿಲ್ಲ. ತೆಗೆಯುವಂಥ ಕೊಬ್ಬೇ ಮೈಮೇಲೆ ಅಷ್ಟಾಗಿ ಇರಲಿಲ್ಲ. ಸೊಂಟ ಎಷ್ಟು ಇಳಿಯುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. "ನಾನು ಹೇಳಿದ್ದೆಲ್ಲ ಬರ್ಕೊಳ್ತೀರಲ್ಲ?" ಎಂದು ಮಾತ್ರ ಎರಡು ಸಲ ಕೇಳಿದ್ದಳು. ಪಾಪ, ಹೆದರಿದ್ದಾಳೆ ಎಂದುಕೊಂಡಿದ್ದಳು ನರ್ಸ್.

"ತುಟಿ ಜೋಮು ಹಿಡೀತಿದೆ. ಕಿವೀಲಿ ಗುಂಯ್ ಅಂತಿದೆ."

ಡಾಕ್ಟರು ತಟ್ಟನೆ ಮದ್ದು ಬಿಡುತ್ತಿದ್ದ ಪಂಪು ನಿಲ್ಲಿಸಿದರು. "ಮರಗಟ್ಟಿಸೋ ಮದ್ದು ರಕ್ತಕ್ಕೆ ಏರ್ತಿದೆ. ಆಕ್ಸಿಜನ್ ಹಾಕಿ. ಬೀರುವಿನಲ್ಲಿ ಇದಕ್ಕೆ ಪ್ರತಿಮದ್ದು ಇದೆ, ಆ ಬಿಳಿ ಬಾಟಲಿ ತನ್ನಿ, ಬೇಗ."

ನರ್ಸ್ ಆಕೆಯ ಮೂಗು ಬಾಯಿಗೆ ಆಕ್ಸಿಜನ್ ಮುಖವಾಡ ಹಾಕಿದಳು. ಇನ್ನೊಮ್ಮೆ ಬೇಡ ದೇವರೇ ಎಂದುಕೊಳ್ಳುತ್ತಲೇ ಬಾಟಲಿ ತಂದು ನೇತುಹಾಕಿದಳು.

"ಇದು ಅಪಾಯನಾ ಡಾಕ್ಟ್ರೇ?" ಮುಖವಾಡದೊಳಗಿಂದ ಆಕೆಯ ದನಿ ಬಂತು.

"ಹೇಳಿದ್ದು ಒಳ್ಳೇದಾಯ್ತಮ್ಮ. ಇಷ್ಟಾದ ಮೇಲೂ ಮದ್ದು ಬಿಡ್ತಾ ಹೋದ್ರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಕಲಿಯೋವಾಗ ಮೊದಲ ವರ್ಷವೇ ಹೇಳಿಕೊಡ್ತಾರೆ ಇದನ್ನ."

"ಬರ್ಕೊಂಡ್ರಾ ಸಿಸ್ಟರ್?"

ನರ್ಸ್ ಡಾಕ್ಟರ ಮಾತನ್ನೂ ಬರೆದಳು. ವೇಳೆ, ಹತ್ತು ಗಂಟೆ ಇಪ್ಪತ್ತು ನಿಮಿಷ. ಆಮೇಲೆ ಪರದೆ ನೋಡಿದಳು. ನಾಡಿ ಸರಿಯಿತ್ತು. ರಕ್ತದೊತ್ತಡವೂ ಸರಿಯಿತ್ತು. ಸೂಜಿ ಚುಚ್ಚಲು ಡಾಕ್ಟರು ಕೈ ಹಿಡಿಯುವಷ್ಟರಲ್ಲಿ ಆಕೆ ಕೈ ಎಳೆದುಕೊಂಡು, ಮುಖವಾಡ ಕಳಚಿ, ನಿಧಾನವಾಗಿ ಎದ್ದು ಕೂತಳು.

"ಬೇಡಿ. ನನಗೇನೂ ಆಗಿಲ್ಲ."

"ಹುಡುಗಾಟ ಆಡೋ ಜಾಗನಾ ಇದು?" ಡಾಕ್ಟರ ಹಣೆ ಒದ್ದೆಯಾಗಿತ್ತು.

"ಆ ಮೂರು ಮಾತೂ ನನ್ನ ತಂಗೀದು. ಮೂರು ತಿಂಗಳ ಹಿಂದೆ, ಇಲ್ಲಿಂದ ಮನೆಗೆ ಕರ್ಕೊಂಡು ಹೋಗ್ತಾ ಕಾರಲ್ಲಿ ತೊದಲ್ತಾ ತೊದಲ್ತಾ ಹೇಳಿದ್ಲು. ಇಲ್ಲಿ ಮಲಗಿದ್ದಾಗ ನಿಮಗೂ ಹೇಳಿದ್ಲಂತೆ. ಭಯಕ್ಕೆ ಹಾಗನ್ನಿಸುತ್ತೆ ಅಂತ ನೀವು ಕೆಲಸ ಮುಂದುವರಿಸಿದ್ರಂತೆ. ಸಂಜೆಗೆಲ್ಲ ಹೋಗಿಬಿಟ್ಲು. ವಿಚಾರಣೇಲಿ ನೀವು ಹೇಳಿದ್ದು ಎರಡೇ ಮಾತು. ಅವಳು ಏನೂ ಹೇಳಲಿಲ್ಲ, ಹೇಳಿದ್ರೂ ಅದರ ಅರ್ಥ ಯಾರಿಗೂ ತಿಳೀತಿರಲಿಲ್ಲ. ಆ ಎರಡನೇ ಮಾತು ಸುಳ್ಳು ಅಂತ ಈಗ ನೀವೇ ಹೇಳಿದ್ರಿ, ಸಿಸ್ಟರ್ ಬರ್ಕೊಂಡಿದ್ದಾರೆ."

ಡಾಕ್ಟರು ಕೈಗವಸು ಕಳಚಿದರು. "ಅವರು ಏನೂ ಹೇಳಲಿಲ್ಲಮ್ಮ. ಕೇಳಿದವರು ಯಾರೂ ಇಲ್ಲ."

"ನಾನು ಕೇಳಿದ್ದೆ," ಎಂದಳು ನರ್ಸ್.