ಸ್ವಿಚ್ಚಿಲ್ಲದ ಬಲ್ಬು

"ಮೇನ್ ಬಂದ್ ಮಾಡಬ್ಯಾಡ್ರಿ," ಎಂದಳು ಪಾರವ್ವ. ಎಲೆಕ್ಟ್ರಿಷಿಯನ್ ಮಾಂತುವಿನ ಕೈ ಅಲ್ಲೇ ನಿಂತಿತು. ದೇವರ ಜಗಲಿಯ ಮೇಲಿನ ಕೆಂಪು ಬಲ್ಬನ್ನು ಅವಳ ಮಾವ ಸ್ವಿಚ್ಚೇ ಇಡದೆ ನೇರವಾಗಿ ಕೂಡಿಸಿದ್ದರು. ಕರೆಂಟು ತಾನಾಗಿ ಹೋದರೆ ಬೇರೆ ಮಾತು, ಮನೆಯವರ ಕೈಯಿಂದ ಅದು ಆರಬಾರದು. ಹಳೇ ವೈರಿಂಗ್ ಬದಲಿಸಲು ಇವನಿಗಿಂತ ಮೊದಲು ಬಂದಿದ್ದ ಇಬ್ಬರು ಇದನ್ನು ಕೇಳಿ ನಕ್ಕಿದ್ದಕ್ಕೆ ಅವರನ್ನು ಬಾಗಿಲಿಂದಲೇ ಕಳಿಸಿದ್ದಳು.

ಧನಕವಡಿಯಿಂದ ಬಂದಿದ್ದ ಮಾಂತು ನಗಲಿಲ್ಲ. ಟೆಸ್ಟರನ್ನು ಜೇಬಿಗಿಟ್ಟು, "ಅಕ್ಕಾರ, ಮೊದಲ ಎಣ್ಣಿ ದೀಪ ಹಚ್ರಿ. ಅದು ಹತ್ತಿದ ಮ್ಯಾಲೆ ಇದನ್ನ ಶಾಂತ ಮಾಡೂಣು," ಎಂದ.

ಅವಳು ದೀಪ ಹಚ್ಚಿದಳು, ಅವನು ಮೇನ್ ಇಳಿಸಿದ. ಕೆಂಪು ಬೆಳಕು ಹೋದದ್ದೇ ಎಣ್ಣೆ ದೀಪದ ಬೆಳಕಿನಲ್ಲಿ ಬಲ್ಬಿನ ಹಿಂದಿನ ಗೋಡೆ ನಿಚ್ಚಳವಾಗಿ ಕಂಡಿತು. ಇಷ್ಟು ವರ್ಷ ಅವಳು ಊದಿನಕಡ್ಡಿಯ ಮಸಿ ಎಂದುಕೊಂಡಿದ್ದ ಕಲೆ ವೈರಿನ ಜೊತೆಗೇ ಸೂರಿನವರೆಗೆ ಏರಿತ್ತು. ಮಾಂತು ಬೆರಳು ತಾಗಿಸಿದರೆ ವೈರಿನ ಮೇಲಿನ ಸುಟ್ಟ ರಬ್ಬರು ಪುಡಿಯಾಗಿ ಉದುರಿತು.

ಪಾರವ್ವ ಆ ಕರಿ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ಈ ಬಲ್ಬಿಗೂ ಒಂದು ಬಟನ್ ಹಾಕಪಾ ತಮ್ಮಾ," ಎಂದಳು. "ನನ್ನ ಕೈಗೆ ನಿಲುಕೋ ಹಂಗ."