ಗೋಡೆಯ ಆಚೆ ಕಡೆ

“ನೀವು ಮಲಗೋ ಕೋಣೆಯ ಗೋಡೆ ಆಚೆ ಏನಿದೆ?” ಬಂದೂಕಿನ ಅಂಗಡಿಯ ವರ್ನ್ ಕೇಳಿದ.

ಮಾರ್ಲೀನಾಳಿಗೆ ನಗು ಬಂತು. ಪಿಸ್ತೂಲಿಗೆ ಗುಂಡು ಕೊಳ್ಳಲು ಬಂದರೆ ಈತ ಗೋಡೆಯ ಸಮಾಚಾರ ವಿಚಾರಿಸುತ್ತಾನಲ್ಲ. “ಪಕ್ಕದ ಮನೆ. ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಆಚೆ ಯೊಲಾಂಡಾಳ ಮಗು ಮಲಗುತ್ತೆ, ನಾಲ್ಕು ವರ್ಷದ್ದು.”

“ಹಾಗಾದ್ರೆ ಇದು ಬೇಡ.” ಅವಳು ಆರಿಸಿದ್ದ ಡಬ್ಬಿಯನ್ನು ವರ್ನ್ ತನ್ನ ಕಡೆಗೆ ಎಳೆದುಕೊಂಡ. “ಇದು ಗುರಿ ಅಭ್ಯಾಸಕ್ಕೆ ಸರಿ. ಕಳ್ಳನಿಗೆ ಹೊಡೆದ್ರೆ ಅವನನ್ನೂ ದಾಟಿ ಗೋಡೇನೂ ದಾಟಿ ಹೋಗ್ಬಹುದು. ತಗೊಳ್ಳಿ, ಇದರ ತುದಿ ಟೊಳ್ಳು. ಮೈಗೆ ಹೊಕ್ಕ ಕೂಡ್ಲೇ ಅರಳ್ಕೊಂಡು ಬಹುತೇಕ ಅಲ್ಲೇ ನಿಲ್ಲುತ್ತೆ.”

“ಗುರಿ ತಪ್ಪಿದ್ರೆ?”

“ತಪ್ಪಿದ್ರೆ ಯಾವ ಗುಂಡೂ ಗೋಡೆ ಮುಂದೆ ನಿಂತು ಬಾಗಿಲು ತಟ್ಟಲ್ಲ ಮೇಡಂ. ಅದು ಯಾರಿಗೆ ತಗುಲಿದ್ರೂ ಕೋರ್ಟಿನಲ್ಲಿ ಉತ್ತರ ಹೇಳೋರು ನೀವೇ.”

“ಗಟ್ಟಿಯಾದ ಬೀಗ ಹಾಕ್ಸು ಅಂದೆ, ಕೇಳಿದ್ಯಾ?” ಪಕ್ಕದಲ್ಲಿದ್ದ ತಾಯಿ ಕಾನ್ಸೆಟಾ ಗೊಣಗಿದಳು. ಹೋದ ವಾರ ಯಾರೋ ಹಿಂಬಾಗಿಲನ್ನು ಅಲುಗಾಡಿಸಿ ಹೋದಾಗಿನಿಂದ ಮಗಳಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಮಾರ್ಲೀನಾಳೂ ಅವಳ ಪುಟ್ಟ ಮಗಳು ಜೋಸಿಯೂ ಇಬ್ಬರೇ ಇರುವ ಮನೆ.

“ಇನ್ನೊಂದು ಮಾತು,” ವರ್ನ್ ಎಂದ. “ನ್ಯೂಜೆರ್ಸಿಯಲ್ಲಿ ಈ ಗುಂಡು ಮನೇಲಿ ಇಟ್ಕೋಬಹುದು, ಜೊತೇಲಿ ಇಟ್ಕೊಂಡು ಊರು ಸುತ್ತೋ ಹಾಗಿಲ್ಲ. ಇಲ್ಲಿಂದ ನೇರ ಮನೆಗೆ ಹೋಗಿ. ದಾರೀಲಿ ಎಲ್ಲೂ ಇಳೀಬೇಡಿ.”

“ಕಾಫಿಗೂ?” ಎಂದಳು ಕಾನ್ಸೆಟಾ.

“ಕಾಫಿಗೂ.”

ಕಾರು ಹೋಟೆಲಿನ ಮುಂದೆ ಹಾದುಹೋಗುವಾಗ ಕಾನ್ಸೆಟಾ ಕತ್ತು ಹೊರಳಿಸಿ ನೋಡಿದಳು. ಮೊಟ್ಟೆ, ಚೀಸ್ ಜೊತೆ ಬ್ರೆಡ್ಡಿನಲ್ಲಿಟ್ಟ ಪೋರ್ಕ್ ರೋಲ್ ಎಂಬ ಹಂದಿಮಾಂಸದ ವಾಸನೆ ಕಿಟಕಿಯೊಳಗೇ ಬಂತು. “ತಿನ್ನೋದು ಹಾಳಾಗ್ಲಿ, ನಂಗೆ ಬಾತ್‌ರೂಮಿಗೆ ಹೋಗ್ಬೇಕು. ಹೆತ್ತ ತಾಯಿ ಕಷ್ಟಕ್ಕೂ ಕಾನೂನು ಅಡ್ಡ ಬರುತ್ತಾ?”

“ತಡ್ಕೋ ಮಾ. ಪೊಲೀಸ್ ಹಿಡಿದ್ರೆ ಗುಂಡು ನಿಂದೇ ಅಂತೀನಿ.”

“ಹೇಳು, ಹೇಳು. ಜೈಲಿನಲ್ಲಾದ್ರೂ ಬಾತ್‌ರೂಮ್ ಹತ್ತಿರ ಇರುತ್ತೆ.”

ಮನೆ ಮುಟ್ಟಿದೊಡನೆ ಕಾನ್ಸೆಟಾ ಓಡಿದಳು. ಮಾರ್ಲೀನಾ ಡಬ್ಬಿಯನ್ನು ಪಿಸ್ತೂಲಿದ್ದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಮಂಚದ ಪಕ್ಕ ನಿಂತು ಬರಿಯ ಬೆರಳನ್ನು ಪಿಸ್ತೂಲಿನ ಹಾಗೆ ಬಾಗಿಲ ಕಡೆಗೆ ಚಾಚಿ ನೋಡಿದಳು. ನೇರದಲ್ಲಿ ಜೋಸಿಯ ಕೋಣೆ. ಕೊಂಚ ಸರಿದು ನಿಂತಳು. ಈಗ ಬೆರಳು ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಕೈ ತಾನಾಗಿ ಕೆಳಗಿಳಿಯಿತು.

ಅವಳು ಹೋಗಿ ಯೊಲಾಂಡಾಳ ಬಾಗಿಲು ತಟ್ಟಿದಳು. ಯೊಲಾಂಡಾ ಹಿಟ್ಟಿನ ಕೈಯಲ್ಲೇ ತೆರೆದಳು.

“ಒಂದು ವಿಚಿತ್ರವಾದ ಮಾತು ಕೇಳ್ತೀನಿ, ನಗಬೇಡ,” ಎಂದಳು ಮಾರ್ಲೀನಾ. “ಮಗುವಿನ ಮಂಚ ನಮ್ಮ ಗೋಡೆಗೆ ಅಂಟಿಕೊಂಡಿದ್ಯಾ? ಆಚೆ ಗೋಡೆ ಬದಿಗೆ ಎಳೆಯೋಕಾಗುತ್ತಾ?”

ಯೊಲಾಂಡಾ ನಗಲಿಲ್ಲ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೊಸ್ತಿಲು ದಾಟಿ ಹೊರಗೆ ಬಂದಳು.

“ಎಳೆಯೋಣ. ನಾನೇ ಬಂದು ಕೇಳ್ಬೇಕು ಅಂತಿದ್ದೆ, ನಾಚಿಕೆ ಆಯ್ತು. ನಿನ್ನ ಹಿಂಬಾಗಿಲ ವಿಷಯ ಕೇಳಿದ ಮೇಲೆ ನಾವೂ ಒಂದು ಪಿಸ್ತೂಲು ತಂದ್ವಿ. ನಿಮ್ಮ ಜೋಸಿ ಯಾವ ಗೋಡೆ ಕಡೆ ಮಲಗ್ತಾಳೆ?”